ಮನದೊಳಗಿನ ಆ ಚಿತ್ರ ನಿಜವಾಗಿ ನಿಮ್ಮದೇ?

ಕಳೆದ ಮಳೆಗಾಲದ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತಿದ್ದೆ. ಪರಿಚಯದ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಮಗಳು ಪದವಿ ಎರಡನೇ ವರ್ಷದಲ್ಲಿದ್ದಾಳೆ. ಹಿಂದೆ ಮದ್ರಸದಲ್ಲಿ ನನ್ನ ಬಳಿಯೇ ಕಲಿತವಳು. ಸಲಾಮ್ ಹೇಳಿ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕುಳಿತಳು.

"ಟೀಚರ್, ನೀವಾದರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಕಾಲೇಜು ಬಿಡುತ್ತೇನೆ ಎಂದು ಹಠ ಹಿಡಿದಿದ್ದಾಳೆ. ಮಾರ್ಕಿಗೇನೂ ಕೊರತೆಯಿಲ್ಲ. ಫೀಸೂ ಕಟ್ಟಿ ಆಗಿದೆ. ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲ" ಎಂದರು ತಾಯಿ. ಸ್ವಲ್ಪ ಹೊತ್ತಿನ ಬಳಿಕ ಕಾರಣವೂ ಹೊರಬಂತು. ಈ ಸೆಮಿಸ್ಟರ್‌ನಲ್ಲಿ ಪ್ರತಿಯೊಬ್ಬರೂ ತರಗತಿಯ ಮುಂದೆ ನಿಂತು ಹತ್ತು ನಿಮಿಷ ವಿಷಯ ಮಂಡಿಸಬೇಕು. ಅವಳ ಸರದಿ ಬಂದ ದಿನ ಅವಳಿಗೆ ತಲೆನೋವು. ಮುಂದಿನ ಬಾರಿ ಹೊಟ್ಟೆನೋವು. ಮೂರನೆಯ ಬಾರಿಗೆ ಕಾಲೇಜೇ ಬೇಡವಾಯಿತು.

ತಾಯಿಯನ್ನು ಒಳಗೆ ನನ್ನ ಅತ್ತೆಯ ಬಳಿ ಕಳುಹಿಸಿ ಅವಳ ಪಕ್ಕದಲ್ಲಿ ಕುಳಿತೆ. "ಯಾಕೆ ಹೆದರುತ್ತೀಯಾ?" ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಯನ್ನು ಮನೆಯವರೆಲ್ಲ ಕೇಳಿ ಮುಗಿಸಿದ್ದರು. "ತರಗತಿಯ ಮುಂದೆ ನಿಲ್ಲಬೇಕು ಎಂದು ನೆನೆಸಿದಾಗ ನಿನ್ನ ಕಣ್ಣಮುಂದೆ ಏನು ಬರುತ್ತದೆ?" ಎಂದು ಕೇಳಿದೆ.

ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಾನೇ ಕಾಣುತ್ತೇನೆ ಟೀಚರ್. ಮುಖ ಕೆಂಪು ಕೆಂಪಾಗಿದೆ. ಕೈಯಲ್ಲಿರುವ ಕಾಗದ ಎಲ್ಲರಿಗೂ ಕಾಣುವಷ್ಟು ಅಲುಗಾಡುತ್ತಿದೆ. ಬಾಯಿ ತೆರೆದಿದ್ದೇನೆ, ಮಾತು ಬರುತ್ತಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತು ನೋಡಿದ ಹಾಗೆ ಕಾಣುತ್ತದೆ."

ಸಹೋದರಿಯರೇ, ಆ ಕೊನೆಯ ಮಾತನ್ನು ಸ್ವಲ್ಪ ಗಮನಿಸಿ. ತರಗತಿಯ ಮುಂದೆ ನಿಂತವಳಿಗೆ ಕಾಣಬೇಕಾದದ್ದು ಬೆಂಚುಗಳು, ಗೆಳತಿಯರ ಮುಖಗಳು, ಕಿಟಕಿ, ಗೋಡೆಯ ಗಡಿಯಾರ. ತನ್ನ ಮುಖ ತನಗೆ ಕಾಣಲು ಅಲ್ಲಿ ಕನ್ನಡಿಯಿಲ್ಲ. ಹಾಗಿದ್ದರೂ ಅವಳಿಗೆ ಬೇರೆ ಯಾವುದೂ ಕಾಣದೆ ತನ್ನ ಮುಖವೊಂದೇ ಕಾಣುತ್ತದೆ. ಆ ಚಿತ್ರ ಎಲ್ಲಿಂದ ಬಂತು? ಅದು ನಿಜವೇ? ಈ ತಿಂಗಳು ಅದರ ಕುರಿತೇ ಮಾತನಾಡೋಣ. ನಮ್ಮ ಮನೆಗಳಲ್ಲಿ ಇಂತಹ ಒಂದು ಚಿತ್ರವನ್ನು ಹೊತ್ತುಕೊಂಡು, ಯಾರಿಗೂ ಹೇಳಿಕೊಳ್ಳದೆ ಬದುಕುವ ಹೆಣ್ಣು ಮಕ್ಕಳೂ ಗಂಡು ಮಕ್ಕಳೂ ಬಹಳ ಮಂದಿ ಇದ್ದಾರೆ.

ಹಯಾ ಬೇರೆ, ಭಯ ಬೇರೆ

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಈ ಹುಡುಗಿ ಮದ್ರಸದಲ್ಲಿದ್ದಾಗ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳುತ್ತಿದ್ದಳು. ಪ್ರಶ್ನೆ ಕೇಳುತ್ತಿರಲಿಲ್ಲ, ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಗಲಾಟೆ ಮಾಡುವ ಮಕ್ಕಳಿಗೆ ಅವಳನ್ನು ತೋರಿಸಿ, "ಇವಳನ್ನು ನೋಡಿ ಕಲಿಯಿರಿ, ಎಷ್ಟು ಹಯಾ ಇರುವ ಹುಡುಗಿ" ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅವಳೊಳಗೆ ಏನು ನಡೆಯುತ್ತಿದೆ ಎಂದು ಒಂದು ದಿನವೂ ಕೇಳಲಿಲ್ಲ. ಅವಳ ಭಯಕ್ಕೆ ನಾನು ಒಳ್ಳೆಯ ಹೆಸರು ಕೊಟ್ಟುಬಿಟ್ಟೆ.

ಹಯಾ ಎನ್ನುವುದು ಮನುಷ್ಯ ತಾನಾಗಿ ಆರಿಸಿಕೊಂಡ ಸಭ್ಯತೆ. ಅದು ಕೆಟ್ಟದ್ದರಿಂದ ತಡೆಯುತ್ತದೆ. ಬೇಕಾದ ಕಡೆ ಬಾಯಿ ತೆರೆಯಲು, ಕಲಿಯಲು, ಹಕ್ಕು ಕೇಳಲು ಅದು ಅಡ್ಡ ಬರುವುದಿಲ್ಲ. ಧರ್ಮವನ್ನು ಕಲಿಯಲು ಲಜ್ಜೆ ಅಡ್ಡಿಯಾಗದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದು ನಮ್ಮಲ್ಲಿ ಅನೇಕರಿಗೆ ತಿಳಿದ ವಿಷಯ. ಭಯ ಹಾಗಲ್ಲ. ಅದು ಒಳ್ಳೆಯದರಿಂದಲೂ ತಡೆಯುತ್ತದೆ. ಮಾತನಾಡಬೇಕು ಎಂದು ಮನಸ್ಸು ಹಾತೊರೆಯುತ್ತಿದ್ದರೂ ನಾಲಿಗೆಯನ್ನು ಕಟ್ಟಿ ಹಾಕುತ್ತದೆ.

ಹೊಸಬರ ಮುಂದೆ ತುಸು ಸಂಕೋಚ, ವೇದಿಕೆ ಹತ್ತಿದಾಗ ತುಸು ಸಭಾಕಂಪನ ಎಲ್ಲರಿಗೂ ಇರುತ್ತದೆ. ಅದು ರೋಗವಲ್ಲ. ಆದರೆ ಜನರು ನನ್ನನ್ನು ಅಳೆಯುತ್ತಾರೆ, ನಾನು ನಗೆಪಾಟಲಾಗುತ್ತೇನೆ ಎಂಬ ಹೆದರಿಕೆ ತಿಂಗಳುಗಟ್ಟಲೆ ಬಿಡದೆ ಕಾಡಿದರೆ, ಅದರಿಂದಾಗಿ ಓದು, ಉದ್ಯೋಗ, ಸಂಬಂಧಗಳು ಕೆಡತೊಡಗಿದರೆ ಅದಕ್ಕೆ ವೈದ್ಯಶಾಸ್ತ್ರ ಸಾಮಾಜಿಕ ಆತಂಕ ಎಂಬ ಹೆಸರು ಕೊಟ್ಟಿದೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಪ್ರಕಟಿಸಿದ ರೋಗಗಳ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಹೆಚ್ಚಿನವರಲ್ಲಿ ಇದು ಹದಿಹರೆಯದಲ್ಲೇ ಆರಂಭವಾಗುತ್ತದೆ. "ದೊಡ್ಡವಳಾದ ಮೇಲೆ ಸರಿಹೋಗುತ್ತಾಳೆ" ಎಂದು ಮನೆಯವರು ಕಾಯುತ್ತಾರೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹಲವರಲ್ಲಿ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ.

ಒಳಗಿನ ಕ್ಯಾಮರಾ

ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1995ರಲ್ಲಿ ಈ ಭಯದ ಒಳಗುಟ್ಟನ್ನು ವಿವರಿಸಿದರು. ಅವರ ವಿವರಣೆಯನ್ನು ಸರಳವಾಗಿ ಹೇಳುವುದಾದರೆ ಹೀಗಿದೆ: ಇಂತಹ ವ್ಯಕ್ತಿ ನಾಲ್ಕು ಜನರ ನಡುವೆ ಬಂದ ಕೂಡಲೇ ಅವರ ಗಮನ ಹೊರಗಿನಿಂದ ಒಳಗೆ ತಿರುಗುತ್ತದೆ. ಎದುರಿಗಿರುವವರು ಏನು ಹೇಳುತ್ತಿದ್ದಾರೆ ಎನ್ನುವುದಕ್ಕಿಂತ ನನ್ನ ಎದೆ ಹೇಗೆ ಬಡಿಯುತ್ತಿದೆ, ನನ್ನ ಕೆನ್ನೆ ಎಷ್ಟು ಬಿಸಿಯಾಗಿದೆ ಎನ್ನುವುದೇ ಮುಖ್ಯವಾಗುತ್ತದೆ. ಆಮೇಲೆ ಒಳಗಿನ ಈ ಅನುಭವಗಳನ್ನೇ ಬಣ್ಣವಾಗಿಸಿ ಮನಸ್ಸು ಒಂದು ಚಿತ್ರ ಬಿಡಿಸುತ್ತದೆ. ಕೆನ್ನೆ ಬಿಸಿಯಾಗಿದೆ, ಹಾಗಾದರೆ ಮುಖ ಕೆಂಪಾಗಿರಲೇಬೇಕು. ಗಂಟಲು ಒಣಗಿದೆ, ಹಾಗಾದರೆ ಧ್ವನಿ ನಡುಗುತ್ತಿರಲೇಬೇಕು. ಎಲ್ಲರಿಗೂ ಇದು ಕಾಣುತ್ತಿರಲೇಬೇಕು!

ಆ್ಯನ್ ಹ್ಯಾಕ್‌ಮನ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಸಾಮಾಜಿಕ ಆತಂಕವಿರುವವರನ್ನೂ ಇಲ್ಲದವರನ್ನೂ ಕೂರಿಸಿ, ಜನರ ನಡುವೆ ಆತಂಕವಾದಾಗ ಅವರ ಮನಸ್ಸಿನಲ್ಲಿ ಯಾವ ಚಿತ್ರ ಮೂಡುತ್ತದೆ ಎಂದು ಕೇಳಿದರು. ಆತಂಕವಿರುವವರಲ್ಲಿ ಇಂತಹ ಚಿತ್ರಗಳು ಹೆಚ್ಚಾಗಿದ್ದವು, ಹೆಚ್ಚು ಕೆಟ್ಟದಾಗಿಯೂ ಇದ್ದವು. ಅಷ್ಟೇ ಅಲ್ಲ, ಅವರು ತಮ್ಮನ್ನು ತಾವು ಹೊರಗಿನಿಂದ, ಇನ್ನೊಬ್ಬರ ಕಣ್ಣಿನಿಂದ ನೋಡುತ್ತಿದ್ದರು. ನನ್ನ ವಿದ್ಯಾರ್ಥಿನಿ ಹೇಳಿದ ಕೊನೆಯ ಬೆಂಚಿನ ನೋಟವೂ ಇದೇ.

ಬೇಕಿದ್ದರೆ ನೀವೇ ಪರೀಕ್ಷಿಸಿ ನೋಡಿ. ಇಂದು ಬೆಳಗ್ಗೆ ಚಹಾ ಮಾಡಿದ್ದನ್ನು ನೆನಪಿಸಿಕೊಳ್ಳಿ. ಒಲೆ, ಪಾತ್ರೆ, ಉಕ್ಕಿ ಬಂದ ಹಾಲು ಕಾಣುತ್ತದೆ ಅಲ್ಲವೇ? ನಿಮ್ಮ ಮುಖ ಕಾಣುವುದಿಲ್ಲ. ಈಗ, ನಿಮಗೆ ತುಂಬಾ ಮುಜುಗರವಾದ ಒಂದು ಸಂದರ್ಭವನ್ನು ನೆನಪಿಸಿಕೊಳ್ಳಿ. ಅಲ್ಲಿ ನಿಮ್ಮ ಮುಖವೇ ಕಾಣುತ್ತಿದೆಯೇ? ಹಾಗಾದರೆ ಅದರ ಆ ಭಾಗವನ್ನು ನೀವು ಕಣ್ಣಿನಿಂದ ಕಂಡದ್ದಲ್ಲ. ನಿಮ್ಮ ಮನಸ್ಸು ಬಿಡಿಸಿದ್ದು. ಛಾಯಾಚಿತ್ರ ಎಂದು ನೀವು ನಂಬಿಕೊಂಡದ್ದು ಕೈಯಿಂದ ಬಿಡಿಸಿದ ಚಿತ್ರ, ಅದೂ ಹೆದರಿದ ಕೈಯಿಂದ!

ಹಳೆಯ ಚಿತ್ರ, ಹೊಸ ಚೌಕಟ್ಟು

ಆ ಹುಡುಗಿಯನ್ನು ಮತ್ತೊಂದು ಪ್ರಶ್ನೆ ಕೇಳಿದೆ. "ಆ ಚಿತ್ರದಲ್ಲಿರುವ ನಿನಗೆ ಎಷ್ಟು ವಯಸ್ಸು?" ಅವಳು ಬೆರಗಾಗಿ ನನ್ನನ್ನು ನೋಡಿದಳು. ಸ್ವಲ್ಪ ಹೊತ್ತಿನ ಬಳಿಕ ಅವಳ ಕಣ್ಣು ತುಂಬಿ ಬಂತು. "ಆರನೇ ಕ್ಲಾಸ್" ಎಂದಳು.

ಆರನೇ ತರಗತಿಯಲ್ಲಿ ಅವಳನ್ನು ಎದ್ದು ನಿಂತು ಕನ್ನಡ ಪಾಠ ಓದಲು ಹೇಳಿದ್ದರಂತೆ. ಮನೆಯಲ್ಲಿ ಬ್ಯಾರಿ ಮಾತನಾಡುವ ಮಗು. 'ಹ'ಕಾರ ಇರುವಲ್ಲಿ ಬಿಟ್ಟಳು, ಇಲ್ಲದಲ್ಲಿ ಸೇರಿಸಿದಳು. ಓದಿಸುತ್ತಿದ್ದವರು ಅವಳ ಉಚ್ಚಾರಣೆಯನ್ನು ಅಣಕಿಸಿ ತೋರಿಸಿದರು. ತರಗತಿಯಿಡೀ ನಕ್ಕಿತು. ಆ ನಗು ಅರ್ಧ ನಿಮಿಷ ಇತ್ತೋ ಏನೋ. ಆ ಅರ್ಧ ನಿಮಿಷದಲ್ಲಿ ಅವಳ ಮನಸ್ಸಿನಲ್ಲಿ ಅಚ್ಚಾದ ಚಿತ್ರ ಎಂಟು ವರ್ಷಗಳ ಬಳಿಕವೂ ಮಾಸಿಲ್ಲ. ಹುಡುಗಿ ಬೆಳೆದಳು, ಅವಳ ಕನ್ನಡ ಅಚ್ಚುಕಟ್ಟಾಯಿತು, ಆದರೆ ಚಿತ್ರದೊಳಗಿನ ಹುಡುಗಿ ಬೆಳೆಯಲೇ ಇಲ್ಲ.

ಹ್ಯಾಕ್‌ಮನ್, ಕ್ಲಾರ್ಕ್ ಮತ್ತು ಮೆಕ್‌ಮ್ಯಾನಸ್ 2000ದಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳುತ್ತದೆ. ಸಾಮಾಜಿಕ ಆತಂಕವಿರುವವರ ಮನಸ್ಸಿನಲ್ಲಿ ಮತ್ತೆ ಮತ್ತೆ ಬರುವ ಚಿತ್ರಗಳು ಬಹುಪಾಲು ಹಿಂದೊಮ್ಮೆ ಜನರ ಮುಂದೆ ಆದ ನೋವಿನ ನೆನಪಿಗೆ ಗಂಟು ಬಿದ್ದಿದ್ದವು. ಆ ಘಟನೆಗಳು ನಡೆದದ್ದು ಹೆಚ್ಚಾಗಿ ಅವರ ಭಯ ಆರಂಭವಾದ ಕಾಲದಲ್ಲೇ. ಆಮೇಲೆ ಬದುಕಿನಲ್ಲಿ ಎಷ್ಟೋ ಒಳ್ಳೆಯ ಅನುಭವಗಳಾದರೂ ಆ ಹಳೆಯ ಚಿತ್ರ ತಿದ್ದುಪಡಿಯಾಗದೆ ಹಾಗೆಯೇ ಉಳಿದಿತ್ತು.

ಚಿತ್ರ ಸುಮ್ಮನೆ ಕೂರುವುದಿಲ್ಲ

"ಮನಸ್ಸಿನಲ್ಲಿ ಏನೋ ಒಂದು ಚಿತ್ರ ಇದ್ದರೆ ಇರಲಿ, ಅದರಿಂದೇನು?" ಎಂದು ಕೆಲವರು ಕೇಳಬಹುದು. ಕೊಲೆಟ್ ಹರ್ಷ್ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸಾಮಾಜಿಕ ಆತಂಕವಿರುವ ವ್ಯಕ್ತಿಗಳು ಅಪರಿಚಿತರೊಂದಿಗೆ ಎರಡು ಬಾರಿ ಮಾತನಾಡಬೇಕಿತ್ತು. ಒಂದು ಬಾರಿ ತಮ್ಮ ಎಂದಿನ ಕೆಟ್ಟ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ಇನ್ನೊಂದು ಬಾರಿ ಅಷ್ಟು ಕೆಟ್ಟದಲ್ಲದ ಚಿತ್ರವನ್ನು ಇಟ್ಟುಕೊಂಡು. ವ್ಯಕ್ತಿ ಅದೇ, ಬದಲಾದದ್ದು ಚಿತ್ರ ಮಾತ್ರ. ಕೆಟ್ಟ ಚಿತ್ರವಿದ್ದಾಗ ಅವರ ಆತಂಕ ಹೆಚ್ಚಿತು. ತಾವು ತೀರಾ ಕೆಟ್ಟದಾಗಿ ಮಾತನಾಡಿದೆವು ಎಂದು ಅವರಿಗೆ ಅನಿಸಿತು. ನೋಡಿ ಅಂಕ ಕೊಟ್ಟವರಿಗೂ ಅವರ ಆತಂಕ ಹೆಚ್ಚು ಕಾಣಿಸಿತು. ಆದರೆ ಅವರು ಊಹಿಸಿಕೊಂಡಷ್ಟೇನೂ ಕಾಣಿಸಿರಲಿಲ್ಲ! 2004ರ ಇನ್ನೊಂದು ಪ್ರಯೋಗದಲ್ಲಿ, ಒಬ್ಬರ ಮನಸ್ಸಿನಲ್ಲಿ ಕೆಟ್ಟ ಚಿತ್ರವಿದ್ದಾಗ ಎದುರು ಕುಳಿತವರಿಗೂ ಆ ಮಾತುಕತೆ ಸಪ್ಪೆ ಎನಿಸಿದ್ದು ಕಂಡುಬಂತು.

ಇದು ಹೇಗೆ ನಡೆಯುತ್ತದೆ? ಮದುವೆ ಮನೆಗೆ ಬಂದ ಹೊಸ ಸೊಸೆಯೊಬ್ಬಳನ್ನು ಊಹಿಸಿಕೊಳ್ಳಿ. ಗಂಡನ ಕಡೆಯ ಹೆಂಗಸರೆಲ್ಲ ಸುತ್ತ ಕುಳಿತಿದ್ದಾರೆ. ಅವಳ ಮನಸ್ಸಿನಲ್ಲಿ 'ಪೆದ್ದಿಯಂತೆ ಕುಳಿತಿರುವ ನಾನು' ಎಂಬ ಚಿತ್ರ ಓಡುತ್ತಿದೆ. ಅರ್ಧ ಗಮನ ಅದನ್ನು ನೋಡುವುದರಲ್ಲೇ ಹೋಯಿತು. ಹಾಗಾಗಿ ಎದುರಿನವರು ಕೇಳಿದ ಪ್ರಶ್ನೆ ಸರಿಯಾಗಿ ಕಿವಿಗೆ ಬೀಳಲಿಲ್ಲ. "ಹಾಂ, ಹೂಂ" ಎಂದು ಉತ್ತರಿಸಿದಳು. ಮುಖ ಕೆಂಪಾದದ್ದು ಕಾಣಬಾರದೆಂದು ಶಾಲನ್ನು ಮುಂದಕ್ಕೆ ಎಳೆದುಕೊಂಡಳು. ಕೈ ನಡುಗಬಾರದೆಂದು ಶರಬತ್ತಿನ ಲೋಟವನ್ನು ಬಿಗಿಯಾಗಿ ಹಿಡಿದಳು. ಬಿಗಿ ಹಿಡಿದಷ್ಟೂ ಕೈ ಹೆಚ್ಚು ನಡುಗಿತು. ಯಾರ ಕಣ್ಣನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆ ಮನೆ ಸೇರಿದಳು.

ಹೊರಗಿದ್ದ ಹೆಂಗಸರು ಏನೆಂದುಕೊಂಡರು? ಅವಳು ಹೆದರಿದಂತೆ, "ಪೆದ್ದಿ" ಎಂದು ಯಾರೂ ಹೇಳಲಿಲ್ಲ. "ಸೊಸೆಗೆ ಸ್ವಲ್ಪ ಜಂಭ ಅಂತ ಕಾಣುತ್ತದೆ, ಮುಖ ಕೊಟ್ಟು ಮಾತನಾಡುವುದಿಲ್ಲ" ಎಂದರು. ತನ್ನನ್ನು ಕಾಪಾಡುತ್ತದೆ ಎಂದು ಅವಳು ಮಾಡಿದ ಉಪಾಯಗಳೇ ಅವಳ ವಿರುದ್ಧ ಸಾಕ್ಷಿ ಹೇಳಿದವು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಎಚ್ಚರವಾಗಿದ್ದು, ನಡೆದದ್ದನ್ನೆಲ್ಲ ಮತ್ತೆ ಮತ್ತೆ ನೆನೆದು ಚಿತ್ರಕ್ಕೆ ಇನ್ನಷ್ಟು ಕಪ್ಪು ಬಳಿದಳು. ಮುಂದಿನ ಮದುವೆಗೆ ಹೋಗುವಾಗ ಅವಳ ಕೈಯಲ್ಲಿರುವುದು ಈ ಹೊಸ ಪ್ರತಿ.

ಸೊಸೆಯಂದಿರನ್ನು ಜಂಭದವರೆಂದು ಕರೆಯುವ ಮುನ್ನ ಅತ್ತೆಯಂದಿರೂ ನಾದಿನಿಯರೂ ಇದನ್ನೊಮ್ಮೆ ನೆನಪಿಸಿಕೊಳ್ಳಲಿ ಎಂಬುದು ನನ್ನ ಕಳಕಳಿಯ ವಿನಂತಿ.

ಜನರು ಎಷ್ಟು ನೋಡುತ್ತಾರೆ?

"ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ" ಎನ್ನುವುದು ಈ ಭಯದ ಬೇರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ತಮಾಷೆಯ ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬನಿಗೆ, ಧರಿಸಲು ನಾಚಿಕೆಯಾಗುವಂತಹ ಚಿತ್ರವಿರುವ ಟೀ ಶರ್ಟ್ ತೊಡಿಸಿ, ಇತರ ವಿದ್ಯಾರ್ಥಿಗಳು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಹೊರಬಂದ ಮೇಲೆ, "ಎಷ್ಟು ಮಂದಿ ನಿನ್ನ ಅಂಗಿಯ ಚಿತ್ರವನ್ನು ಗುರುತಿಸಿರಬಹುದು?" ಎಂದು ಕೇಳಿದರು. ಹೀಗೆ ತೊಟ್ಟವರು ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಗುರುತಿಸಿದ್ದಾರೆ ಎಂದುಕೊಂಡಿದ್ದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲುಭಾಗ ಮಾತ್ರ! ಆ ವಿದ್ಯಾರ್ಥಿಗಳನ್ನು ಭಯವಿರುವವರೆಂದು ಆರಿಸಿರಲಿಲ್ಲ. ಸಾಮಾನ್ಯ ಮನುಷ್ಯನೇ ಜನರ ನೋಟವನ್ನು ಇಷ್ಟು ಹೆಚ್ಚಾಗಿ ಎಣಿಸುವುದಾದರೆ, ಭಯದಲ್ಲಿರುವವರ ಲೆಕ್ಕ ಎಷ್ಟು ತಪ್ಪಿರಬಹುದು!

ನೀವೇ ಯೋಚಿಸಿ. ಕಳೆದ ಸಲ ಹೋದ ಮದುವೆಯಲ್ಲಿ ನಿಮ್ಮ ಪಕ್ಕ ಕುಳಿತು ಊಟ ಮಾಡಿದವರ ಕೈ ನಡುಗುತ್ತಿತ್ತೇ? ನೆನಪಿಲ್ಲ ಅಲ್ಲವೇ? ಅವರಿಗೂ ನಿಮ್ಮ ಕೈ ನೆನಪಿಲ್ಲ. ಬಿರಿಯಾನಿಗೆ ಉಪ್ಪು ಕಡಿಮೆಯಾದದ್ದು ಇಬ್ಬರಿಗೂ ನೆನಪಿದೆ.

ಚಿತ್ರವನ್ನು ಬದಲಿಸುವುದು ಹೇಗೆ?

"ಧೈರ್ಯ ತಂದುಕೋ" ಎಂದು ಹೇಳುವುದರಿಂದ ಯಾರಿಗೂ ಧೈರ್ಯ ಬರುವುದಿಲ್ಲ. ಅನುಭವದಿಂದಲೂ ಅಧ್ಯಯನಗಳಿಂದಲೂ ಪ್ರಯೋಜನ ಕಂಡ ಕೆಲವು ದಾರಿಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಮನಸ್ಸಿನ ಚಿತ್ರವನ್ನು ನಿಜವಾದ ಚಿತ್ರದೊಂದಿಗೆ ಹೋಲಿಸುವುದು. ಈಗ ಮನೆ ಮನೆಯಲ್ಲೂ ಮೊಬೈಲ್ ಕ್ಯಾಮರಾ ಇದೆ. ಅಕ್ಕನೋ ಗೆಳತಿಯೋ ಎದುರು ಕುಳಿತಿರುವಾಗ ಐದು ನಿಮಿಷ ಮಾತನಾಡಿ, ಅದನ್ನು ವೀಡಿಯೋ ಮಾಡಿಸಿ. ಆದರೆ ಕೂಡಲೇ ನೋಡಬೇಡಿ. ಭಯದಲ್ಲಿರುವವರು ವೀಡಿಯೋದಲ್ಲೂ ತಮ್ಮ ಭಯವನ್ನೇ ನೋಡುತ್ತಾರೆ. ಹಾರ್ವೆ, ಕ್ಲಾರ್ಕ್ ಮತ್ತಿತರರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಕ್ರಮವಿದೆ. ಮೊದಲು, ವೀಡಿಯೋದಲ್ಲಿ ಏನು ಕಾಣಬಹುದೆಂದು ವಿವರವಾಗಿ ಹೇಳಬೇಕು: ಮುಖ ಎಷ್ಟು ಕೆಂಪು, ಎಷ್ಟು ಸಲ ತಡವರಿಸಿದೆ, ಕೈ ಎಷ್ಟು ನಡುಗಿತು ಎಂದು. ನಾನು ಇದನ್ನು ಕಾಗದದಲ್ಲಿ ಬರೆಸುತ್ತೇನೆ. ಆಮೇಲೆ ಕಣ್ಣುಮುಚ್ಚಿ ಆ ಚಿತ್ರವನ್ನು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಕೊನೆಗೆ, ಯಾರೋ ಅಪರಿಚಿತಳನ್ನು ನೋಡುವಂತೆ ವೀಡಿಯೋ ನೋಡಬೇಕು. ಒಳಗೆ ಹೇಗನಿಸಿತ್ತು ಎನ್ನುವುದನ್ನು ಬದಿಗಿಟ್ಟು, ಕಣ್ಣಿಗೆ ಕಂಡದ್ದನ್ನು ಮಾತ್ರ ಲೆಕ್ಕ ಹಿಡಿಯಬೇಕು. ಹೀಗೆ ಸಿದ್ಧರಾಗಿ ನೋಡಿದವರು, ಸುಮ್ಮನೆ ನೋಡಿದವರಿಗಿಂತ ಹೆಚ್ಚಿನ ಪ್ರಯೋಜನ ಪಡೆದರು. ಈ ವೀಡಿಯೋ ನಿಮಗಾಗಿ ಮಾತ್ರ. ಯಾರಿಗೂ ಕಳುಹಿಸಬೇಡಿ, ನೋಡಿದ ಮೇಲೆ ಅಳಿಸಿಬಿಡಿ.

ಎರಡನೆಯದು, ಗಮನವನ್ನು ಹೊರಗೆ ಕಳುಹಿಸುವುದು. ಜನರ ನಡುವೆ ಕುಳಿತಾಗ ಒಳಗಿನ ಕ್ಯಾಮರಾ ಚಾಲೂ ಆದರೆ ಅದರೊಂದಿಗೆ ಜಗಳ ಮಾಡಬೇಡಿ. ಎದುರಿನವರ ಮಾತಿನಲ್ಲಿ ಒಂದು ವಿಷಯವನ್ನು ಹುಡುಕಿ ಹಿಡಿಯಿರಿ. ಅವರ ಮಗುವಿಗೆ ಎಷ್ಟು ವಯಸ್ಸು, ಊರು ಯಾವುದು, ಪತ್ತಿರಿಗೆ ಅಕ್ಕಿ ಯಾವುದು ಹಾಕುತ್ತಾರೆ. ಕೇಳುವ ಕೆಲಸದಲ್ಲಿ ಮುಳುಗಿದ ಮನಸ್ಸಿಗೆ ಚಿತ್ರ ನೋಡಲು ಪುರುಸೊತ್ತು ಇರುವುದಿಲ್ಲ. ಮೊದಲು ಸುಲಭದ ಕಡೆ ಅಭ್ಯಾಸ ಮಾಡಿ. ಅಂಗಡಿಯಲ್ಲಿ, ನೆರೆಮನೆಯಲ್ಲಿ, ಬಸ್ಸಿನಲ್ಲಿ.

ಮೂರನೆಯದು, ರಕ್ಷಣೆಗೆಂದು ಮಾಡುವ ಉಪಾಯಗಳನ್ನು ಒಂದೊಂದಾಗಿ ಬಿಟ್ಟು ನೋಡುವುದು. ಒಂದು ಭೇಟಿಯಲ್ಲಿ ಎಂದಿನಂತೆ ತಲೆ ತಗ್ಗಿಸಿ, ಲೋಟ ಬಿಗಿ ಹಿಡಿದು, ಪ್ರತಿ ಮಾತನ್ನೂ ಮೊದಲೇ ಮನಸ್ಸಿನಲ್ಲಿ ಜೋಡಿಸಿ ಮಾತನಾಡಿ. ಇನ್ನೊಂದರಲ್ಲಿ ಇವೆಲ್ಲವನ್ನೂ ಬಿಟ್ಟು, ಬಂದ ಹಾಗೆ ಮಾತನಾಡಿ. ಯಾವುದರಲ್ಲಿ ಹೆಚ್ಚು ಕಷ್ಟವಾಯಿತು ಎಂದು ನೀವೇ ನೋಡಿ.

ನಾಲ್ಕನೆಯದು, ಹಳೆಯ ನೆನಪಿನ ಬಳಿಗೆ ಹೋಗುವುದು. ಈಗಿನ ಚಿಕಿತ್ಸಕರು ಇದನ್ನು ಒಂದು ವಿಧಾನವಾಗಿಯೇ ಬಳಸುತ್ತಾರೆ. ನೋವಾದ ಆ ಘಟನೆಯನ್ನು ಮನಸ್ಸಿಗೆ ತಂದು, ಇಂದಿನ ಬೆಳೆದ ನೀವು ಅಲ್ಲಿಗೆ ಪ್ರವೇಶಿಸಬೇಕು. ನಗುತ್ತಿರುವವರ ನಡುವೆ ನಿಂತಿರುವ ಆ ಮಗುವಿಗೆ, "ನಿನ್ನಲ್ಲಿ ಕೊರತೆಯೇನೂ ಇಲ್ಲ, ನೀನು ಹೊಸ ಭಾಷೆ ಕಲಿಯುತ್ತಿದ್ದೀಯಾ ಅಷ್ಟೆ" ಎಂದು ಹೇಳಬೇಕು. ನೆನಪು ತೀರಾ ಭಾರವಾಗಿದ್ದರೆ ಇದನ್ನು ಒಬ್ಬರೇ ಮಾಡಬೇಡಿ, ತಜ್ಞರ ನೆರವಿನಿಂದಲೇ ಮಾಡಿ.

ಇದೆಲ್ಲ ಪಶ್ಚಿಮದವರ ಹೊಸ ಸಂಶೋಧನೆ ಎಂದು ಯಾರಾದರೂ ಮುಖ ತಿರುಗಿಸುವುದಾದರೆ, ಅವರಿಗೆ ಅಬೂ ಝೈದ್ ಅಲ್ ಬಲ್ಖೀಯವರನ್ನು ನೆನಪಿಸುತ್ತೇನೆ. ಈಗಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದ ಈ ವಿದ್ವಾಂಸರು ಕ್ರಿ.ಶ. 934ರಲ್ಲಿ ನಿಧನರಾದರು. ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತೂ ಅವರು ಬರೆದ 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಗ್ರಂಥ ಇಂದಿಗೂ ಲಭ್ಯವಿದೆ. ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ ಎಂದ ಅವರು ಕೋಪ, ದುಃಖ, ಭಯ, ಬಿಡದೆ ಕಾಡುವ ಕೆಟ್ಟ ಯೋಚನೆಗಳನ್ನು ಬೇರೆ ಬೇರೆಯಾಗಿ ಚರ್ಚಿಸಿದರು. ತುರ್ತಿಗೆ ಬೇಕಾಗುವ ಔಷಧಿಯನ್ನು ಜನರು ಮೊದಲೇ ಮನೆಯಲ್ಲಿ ತಂದಿಡುವ ಹಾಗೆ, ಮನಸ್ಸು ಶಾಂತವಾಗಿರುವಾಗಲೇ ಆರೋಗ್ಯಕರ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು ಎನ್ನುವುದು ಅವರ ಸಲಹೆ. ಸಾವಿರ ವರ್ಷಗಳ ಹಿಂದಿನ ಈ ಮಾತು ಇಂದಿಗೂ ಹೊಂದುತ್ತದೆ. ವೇದಿಕೆಯ ಮೇಲೆ ನಿಂತು ನಡುಗುವಾಗ ಹೊಸ ಚಿತ್ರ ಹುಡುಕಿದರೆ ಸಿಗದು. ಅದನ್ನು ಮನೆಯಲ್ಲೇ ತಯಾರಿಸಿಟ್ಟುಕೊಳ್ಳಬೇಕು.

ತಾಯಂದಿರಿಗೆ ಒಂದು ಮಾತು

ಮಕ್ಕಳ ಮನಸ್ಸಿನ ಗೋಡೆಗೆ ಮೊದಲ ಚಿತ್ರ ನೇತುಹಾಕುವವರು ಹೆಚ್ಚಾಗಿ ನಾವೇ. "ಇವಳಿಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ" ಎಂದು ಮಗಳ ಎದುರಲ್ಲೇ ನೆಂಟರಿಗೆ ಹೇಳುತ್ತೇವೆ. ಬಂದವರು ಅವಳ ಹೆಸರು ಕೇಳಿದರೆ ನಾವೇ ಉತ್ತರಿಸುತ್ತೇವೆ. ಅಕ್ಕನ ಮಗಳೊಂದಿಗೆ ಹೋಲಿಸುತ್ತೇವೆ. ಇನ್ನು ಕೆಲವರು, ಮಗು ಬೇಡವೆಂದು ಅಳುತ್ತಿದ್ದರೂ ಅತಿಥಿಗಳ ಮುಂದೆ ನಿಲ್ಲಿಸಿ ಹಾಡು ಹೇಳಿಸುತ್ತಾರೆ, ತಪ್ಪಿದರೆ ಎಲ್ಲರೂ ಸೇರಿ ನಗುತ್ತಾರೆ. ಹೆಣ್ಣು ನೋಡಲು ಬಂದವರು ಬಣ್ಣ, ಎತ್ತರ, ಹಲ್ಲುಗಳ ಬಗ್ಗೆ ಹುಡುಗಿಯ ಕಿವಿಗೆ ಬೀಳುವಂತೆಯೇ ಮಾತನಾಡಿ ಚಹಾ ಕುಡಿದು ಹೊರಟು ಹೋಗುತ್ತಾರೆ. ಹೇಳಿದವರು ಮನೆ ತಲುಪುವ ಮೊದಲೇ ಅದನ್ನು ಮರೆತಿರುತ್ತಾರೆ. ಕೇಳಿದವಳು ಆ ಚಿತ್ರವನ್ನು ಮುಂದಿನ ಮನೆಗೂ ಹೊತ್ತೊಯ್ಯುತ್ತಾಳೆ.

ಮಗು ಮಾತನಾಡಲು ತಡಮಾಡಿದರೆ ಸ್ವಲ್ಪ ಕಾಯೋಣ. ಅದು ಸ್ವತಃ ಉತ್ತರಿಸಲಿ. ಅಂಗಡಿಗೆ ಕಳುಹಿಸೋಣ, ಫೋನಿನಲ್ಲಿ ಮಾತನಾಡಿಸೋಣ. ತಪ್ಪಾಗಿ ಹೇಳಿದರೆ ಬೇರೆಯವರ ಮುಂದೆ ತಿದ್ದುವುದು ಬೇಡ. ಮತ್ತು ನನ್ನಂತಹ ಟೀಚರುಗಳು, ಹಿಂದಿನ ಸಾಲಿನ ಮೌನವನ್ನು ಹೊಗಳುವ ಮೊದಲು ಅದರ ಕಾರಣ ಕೇಳಬೇಕು.

ಭಯ ತೀವ್ರವಾಗಿದ್ದು, ಓದೋ ಕೆಲಸವೋ ನಿಂತುಹೋಗುವ ಹಂತಕ್ಕೆ ಬಂದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇದು ಈಮಾನಿನ ಕೊರತೆಯೂ ಅಲ್ಲ, ಮನೆತನಕ್ಕೆ ಕಳಂಕವೂ ಅಲ್ಲ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ 2013ರಲ್ಲಿ ಈ ತೊಂದರೆಗೆ ಮೊದಲು ಸೂಚಿಸಿದ್ದು, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ, ವ್ಯಕ್ತಿಗತವಾಗಿ ನೀಡುವ ಮಾತಿನ ಚಿಕಿತ್ಸೆಯನ್ನು. ಮೇಲೆ ಹೇಳಿದ ವೀಡಿಯೋ ಮತ್ತು ಗಮನದ ಅಭ್ಯಾಸಗಳು ಅದರ ಭಾಗಗಳು. ಅಗತ್ಯವಿದ್ದವರಿಗೆ ಔಷಧಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ವಿಚಾರಿಸಬಹುದು. ಹೊರಗೆ ಹೋಗಲೂ ಹಿಂಜರಿಯುವವರು 14416 ಸಂಖ್ಯೆಗೆ ಕರೆ ಮಾಡಬಹುದು. ಇದು ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತನಾಡಬಹುದು. ಎದುರಿನವರಿಗೆ ನಿಮ್ಮ ಮುಖವೂ ಕಾಣುವುದಿಲ್ಲ!

ಹತ್ತು ನಿಮಿಷ

ಆ ಹುಡುಗಿಯ ವಿಷಯ ಏನಾಯಿತು ಎಂದು ನೀವು ಕೇಳುತ್ತಿರಬಹುದು. ಅವಳನ್ನು ಮೊದಲು ಓರ್ವ ಆಪ್ತಸಮಾಲೋಚಕಿಯ ಬಳಿ ಕಳುಹಿಸಿದೆವು. ಅವರ ಸಲಹೆಯಂತೆ ಒಂದು ಭಾನುವಾರ ನಮ್ಮ ಮನೆಯ ಹಜಾರದಲ್ಲೇ ಅವಳು ತನ್ನ ವಿಷಯವನ್ನು ಮಂಡಿಸಿದಳು. ಕೇಳುಗರು ಮೂವರು: ನಾನು, ಅವಳ ಉಮ್ಮ ಮತ್ತು ಒಬ್ಬ ಗೆಳತಿ. ಗೆಳತಿ ಮೊಬೈಲ್ ಹಿಡಿದಿದ್ದಳು. ನೋಡುವ ಮೊದಲು ಅವಳು ಕಾಗದದಲ್ಲಿ ಬರೆದಳು: 'ಮುಖ ಕೆಂಪು ಹತ್ತರಲ್ಲಿ ಹತ್ತು. ಕೈ ನಡುಕ ಹತ್ತರಲ್ಲಿ ಒಂಬತ್ತು. ಕನಿಷ್ಠ ಇಪ್ಪತ್ತು ಕಡೆ ತಡವರಿಸಿದ್ದೇನೆ.'

ವೀಡಿಯೋ ಮುಗಿಯುವವರೆಗೆ ಅವಳು ಮಾತನಾಡಲಿಲ್ಲ. ಎರಡು ಕಡೆ ತಡವರಿಸಿದ್ದಳು. ಕಾಗದ ತುಸು ಅಲುಗಿತ್ತು. ಕೆನ್ನೆಯ ಬಣ್ಣ ಎಂದಿನಂತೆಯೇ ಇತ್ತು. "ಇವಳು ಚೆನ್ನಾಗಿಯೇ ಮಾತಾಡ್ತಾಳಲ್ಲ ಟೀಚರ್" ಎಂದಳು. ತನ್ನನ್ನೇ 'ಇವಳು' ಎಂದದ್ದು ಅವಳಿಗೆ ಆಮೇಲೆ ಹೊಳೆದು ನಕ್ಕಳು. ಅವಳ ಉಮ್ಮ ಮಾತ್ರ ನಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಲ್ಲವೂ ಅಂದೇ ಸರಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ತರಗತಿಯಲ್ಲಿ ಮಂಡಿಸುವ ಹಿಂದಿನ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಹಳೆಯ ಚಿತ್ರ ಬಂದೇ ಬಂತಂತೆ. ಆದರೆ ಈ ಸಲ ಅದರ ಪಕ್ಕದಲ್ಲಿಡಲು ಅವಳ ಬಳಿ ಇನ್ನೊಂದು ಚಿತ್ರವಿತ್ತು. ಹತ್ತು ನಿಮಿಷದ ಬದಲು ಏಳು ನಿಮಿಷ ಮಾತನಾಡಿ ಮುಗಿಸಿದಳು. ಒಬ್ಬಳು ಪ್ರಶ್ನೆ ಕೇಳಿದಳು, ಉತ್ತರ ಹೇಳಿದಳು. ಈಗ ಮೂರನೇ ವರ್ಷದಲ್ಲಿದ್ದಾಳೆ.

ಸಹೋದರಿ, ನಿಮ್ಮ ಮನದೊಳಗೂ ಅಂತಹ ಒಂದು ಚಿತ್ರ ಇರಬಹುದು. ಅದನ್ನು ಬಿಡಿಸಿದ ಕೈ ಯಾರದ್ದು, ಅದರಲ್ಲಿರುವ ನಿಮಗೆ ಎಷ್ಟು ವಯಸ್ಸು ಎಂದು ಇಂದು ರಾತ್ರಿ ಒಮ್ಮೆ ಕೇಳಿಕೊಳ್ಳಿ. ನಾಳೆ ಬೆಳಗ್ಗೆ, ನಿಮ್ಮನ್ನು ಪ್ರೀತಿಸುವ ಒಬ್ಬರ ಬಳಿ ಅದರ ಬಗ್ಗೆ ಬಾಯಿಬಿಟ್ಟು ಹೇಳಿ. ಮತ್ತು ನಿಮ್ಮ ಮಗಳು ಮೌನವಾಗಿ ಕುಳಿತಿದ್ದರೆ, ಅವಳ ಪಕ್ಕದಲ್ಲಿ ಕುಳಿತು ಅವಳಿಗೆ ಏನು ಕಾಣುತ್ತಿದೆ ಎಂದು ಕೇಳಿ.